ಕಳೆದ ಬರಹ ಮರಳಿ ಸಿಕ್ಕ ಬಗೆ

ಬರಹ ಹುಟ್ಟಿದ ಬಗೆಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಗ್ರಂಥಗಳಿವೆ. ಲಿಪಿ ಹೇಗೆ ಬೆಳೆಯಿತು, ಓಲೆಯ ಜಾಗಕ್ಕೆ ಕಾಗದ ಹೇಗೆ ಬಂತು, ಅಚ್ಚಿನ ಮೊಳೆಗಳು ಹೇಗೆ ಎರಕಗೊಂಡವು ಎಂಬುದನ್ನೆಲ್ಲ ವಿದ್ವಾಂಸರು ವಿಸ್ತಾರವಾಗಿಯೇ ಹೇಳಿದ್ದಾರೆ. ಆದರೆ ಬರಹ ಕಳೆದುಹೋಗುವುದಕ್ಕೂ, ಕಳೆದದ್ದು ಮರಳಿ ಸಿಕ್ಕುವುದಕ್ಕೂ ಒಂದು ಚರಿತ್ರೆ ಉಂಟು. ಅದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಎಡೆದೊರೆ ನಾಡಿನಲ್ಲಿ ನಿಂತು ನೋಡುವವರಿಗೆ ಈ ಚರಿತ್ರೆಯ ಮುಖ್ಯ ಘಟ್ಟಗಳೆಲ್ಲ ಒಂದೇ ಜಿಲ್ಲೆಯೊಳಗೆ ಕಾಣಸಿಗುತ್ತವೆ. ಇಂದು ನಾನು ಹೇಳಹೊರಟಿರುವುದು ಒಂದು ಹಳೆಯ ಕಂಪ್ಯೂಟರಿನ ಕೆಟ್ಟ ಹಾರ್ಡ್ ಡಿಸ್ಕಿನಿಂದ ದೇವದುರ್ಗ, ಮಾನ್ವಿ ಸೀಮೆಯ ಹಾಡುಗಳು ಮರಳಿ ಬಂದ ಸಂಗತಿಯನ್ನು. ಆದರೆ ಡಿಸ್ಕಿನ ಮಾತಿಗೆ ಮೊದಲು ಕಲ್ಲಿನ ಮಾತನ್ನು ಆಡಬೇಕು. ಏಕೆಂದರೆ ಕೆಟ್ಟ ಬರಹವನ್ನು ಓದುವ ವಿದ್ಯೆಯ ಮೂಲಪಾಠ ನಮಗೆ ಕಲ್ಲಿನಲ್ಲಿಯೇ ದೊರೆಯುತ್ತದೆ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿರುವ ಅಶೋಕನ ಶಾಸನ ಲೋಕದ ಕಣ್ಣಿಗೆ ಬಿದ್ದದ್ದು 1915ರಲ್ಲಿ. ಅದನ್ನು ಕಂಡವರು ಬಂಗಾರದ ಗಣಿಗಳ ಎಂಜಿನಿಯರ್ ಸಿ. ಬೀಡನ್. ಅದುವರೆಗೆ ಓದಲಾಗಿದ್ದ ಶಿಲಾಶಾಸನಗಳಲ್ಲಿ ಅರಸನ ಬಿರುದುಗಳಿದ್ದವೇ ಹೊರತು ಅಶೋಕ ಎಂಬ ಹೆಸರಿರಲಿಲ್ಲ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂದು ಕರೆದುಕೊಂಡವನು ಮೌರ್ಯ ಅಶೋಕನೇ ಇರಬೇಕೆಂದು ಸಿಂಹಳದ ವಂಶಕಥೆಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. ಮಸ್ಕಿಯ ಬಂಡೆಯಲ್ಲಿ ಆ ಹೆಸರೇ ಕಾಣಿಸಿಕೊಂಡಿತು. ಇಷ್ಟು ಸಂಗತಿ ಶಾಲೆಯ ಪುಸ್ತಕಗಳಲ್ಲಿಯೂ ಬಂದಿದೆ. ಅಲ್ಲಿ ಬಾರದ ಇನ್ನೊಂದು ಸಂಗತಿಯೆಂದರೆ, ಆ ಶಾಸನ ಸಿಕ್ಕಾಗ ಅದು ಅಖಂಡವಾಗಿರಲಿಲ್ಲ ಎಂಬುದು. ಕಲ್ಲು ಸವೆದು ಅನೇಕ ಕಡೆ ಅಕ್ಷರಗಳು ಹಾರಿಹೋಗಿದ್ದವು. ಅದನ್ನು ಓದಿ ಪ್ರಕಟಿಸಿದ ಎಚ್. ಕೃಷ್ಣಶಾಸ್ತ್ರಿಗಳಿಗೆ ನೆರವಾದದ್ದು ಅದೇ ಧರ್ಮಲಿಪಿಯ ಬೇರೆ ಪ್ರತಿಗಳು. ರೂಪನಾಥ, ಸಹಸ್ರಾಮ, ಬೈರಾಟ, ನಮ್ಮ ಬ್ರಹ್ಮಗಿರಿ, ಸಿದ್ದಾಪುರ - ಹೀಗೆ ದೂರದೂರದ ಬಂಡೆಗಳ ಮೇಲೆ ಹೆಚ್ಚು ಕಡಿಮೆ ಅದೇ ಮಾತು ಕೊರೆದಿತ್ತು. ಒಂದು ಕಡೆ ಅಳಿದದ್ದು ಇನ್ನೊಂದು ಕಡೆ ಉಳಿದಿತ್ತು. ಅರಸನು ತನ್ನ ಮಾತಿನ ಪ್ರತಿಗಳನ್ನು ನಾಡೆಲ್ಲ ಹರಡಿದ್ದರಿಂದ ಮಸ್ಕಿಯ ಮುರುಕು ಸಾಲುಗಳಿಗೆ ಅರ್ಥ ಬಂತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಲ್ಲು ಸವೆಯದೆ ಇದ್ದಿದ್ದರೂ ಆ ಅಕ್ಷರಗಳನ್ನು ಶತಮಾನಗಳ ಕಾಲ ಯಾರೂ ಓದುವಂತಿರಲಿಲ್ಲ. ಬ್ರಾಹ್ಮೀ ಲಿಪಿ ಜನಕ್ಕೆ ಮರೆತುಹೋಗಿತ್ತು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಅದರ ಗುಟ್ಟನ್ನು ಬಿಡಿಸಿದ ಮೇಲೆಯೇ ಬಂಡೆಗಳು ಬಾಯಿ ಬಿಟ್ಟದ್ದು. ಆದ್ದರಿಂದ ಬರಹ ಕಳೆಯುವುದು ಒಂದೇ ರೀತಿಯಲ್ಲಿ ಅಲ್ಲ. ಅಕ್ಷರವೇ ಅಳಿಯುವುದು ಒಂದು ಬಗೆ. ಅಕ್ಷರ ಉಳಿದೂ ಓದುವ ಕೀಲಿ ಕಳೆದುಹೋಗುವುದು ಇನ್ನೊಂದು ಬಗೆ. ಈ ಎರಡನೆಯ ನಷ್ಟವನ್ನು ತಿಳಿಯಲು ಅಶೋಕನ ಕಾಲದವರೆಗೆ ಹೋಗಬೇಕಾಗಿಯೂ ಇಲ್ಲ. ಹೈದರಾಬಾದು ಸಂಸ್ಥಾನದ ಆಡಳಿತದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರ್ಸಿ ಹೋಗಿ ಉರ್ದು ಬಂತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಒಂದೆರಡು ತಲೆಮಾರುಗಳಲ್ಲಿ ಉರ್ದು ಬಲ್ಲ ಗುಮಾಸ್ತರು ನಿವೃತ್ತರಾದರು. ತಮ್ಮ ಅಜ್ಜನ ಹೊಲದ ಹಳೆಯ ಕಾಗದವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಏನಿದೆಯೆಂದು ಓದಿ ಹೇಳುವವರನ್ನು ಹುಡುಕಿಕೊಂಡು ಅಲೆಯುವ ರೈತರನ್ನು ನಾನು ಕಂಡಿದ್ದೇನೆ. ಕಾಗದ ಗಟ್ಟಿಯಾಗಿತ್ತು, ಮಸಿ ಕಪ್ಪಾಗಿತ್ತು, ಓದುವವರು ಮಾತ್ರ ಇರಲಿಲ್ಲ.

ಅದೇ 1956ರಲ್ಲಿ, ನಮ್ಮ ಜಿಲ್ಲೆ ಕನ್ನಡ ರಾಜ್ಯದಲ್ಲಿ ಸೇರುವುದಕ್ಕೆ ಕೆಲವೇ ವಾರಗಳ ಮುಂಚೆ, ಸೆಪ್ಟೆಂಬರ್ ತಿಂಗಳಲ್ಲಿ, ಅಮೆರಿಕದ ಐಬಿಎಂ ಕಂಪನಿಯು ರಾಮ್ಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿತು. ಹಾರ್ಡ್ ಡಿಸ್ಕಿನ ಚರಿತ್ರೆ ಆರಂಭವಾಗುವುದು ಅಲ್ಲಿಂದಲೇ. ಎರಡು ಅಡಿ ಅಗಲದ ಐವತ್ತು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ, ಒಂದು ಟನ್ನಿಗೂ ಮಿಕ್ಕ ತೂಕದ ಆ ಯಂತ್ರದಲ್ಲಿ ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರಗಳು. ಪುಟಕ್ಕೆ 2000 ಅಕ್ಷರಗಳೆಂದು ಎಣಿಸಿದರೆ 2500 ಪುಟ. ಇಂದು ಅಂಗೈಯಲ್ಲಿ ಮುಚ್ಚಿಡಬಹುದಾದ ಡಿಸ್ಕಿನಲ್ಲಿ ಅದರ ಲಕ್ಷಾಂತರ ಪಟ್ಟು ಹಿಡಿಯುತ್ತದೆ. ಆದರೆ ಮೂಲತತ್ತ್ವ ಬದಲಾಗಿಲ್ಲ. ಕಾಂತಗುಣವುಳ್ಳ ಲೇಪ ಬಳಿದ ತಟ್ಟೆ ಬುಗುರಿಯಂತೆ ಸುತ್ತುತ್ತದೆ. ಸಾಮಾನ್ಯ ಕಂಪ್ಯೂಟರುಗಳಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು. ಒಂದು ತೋಳಿನ ತುದಿಯಲ್ಲಿರುವ ಸಣ್ಣ ತಲೆ ಆ ತಟ್ಟೆಯ ಮೇಲೆ, ತಟ್ಟೆಯನ್ನು ಮುಟ್ಟದೆ, ತಲೆಗೂದಲಿನ ದಪ್ಪದ ಸಾವಿರಾರು ಪಾಲಿನಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ ತೇಲುತ್ತ, ಕಾಂತದ ಗುರುತುಗಳನ್ನು ಬರೆಯುತ್ತದೆ, ಓದುತ್ತದೆ. ಕಂಠವು ಓಲೆಯನ್ನು ಗೀರಿ ಬರೆಯುತ್ತಿತ್ತು. ಇದು ಮುಟ್ಟದೆಯೇ ಬರೆಯುತ್ತದೆ. ಮುಟ್ಟಿತೆಂದರೆ ಅಲ್ಲಿಗೆ ಬರಹದ ಕತೆ ಮುಗಿಯಿತು.

ಬರಹವನ್ನು ಹೀಗೆ ಬರೆದುಬಿಟ್ಟರೆ ಸಾಲದು, ಅದು ಎಲ್ಲಿದೆ ಎಂಬುದೂ ತಿಳಿಯಬೇಕು. ತಟ್ಟೆಯನ್ನು ಸಣ್ಣಸಣ್ಣ ಮನೆಗಳಾಗಿ ಹಂಚಿರುತ್ತಾರೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು ಮನೆಯಲ್ಲಿ 512 ಅಕ್ಷರಗಳು ಹಿಡಿಯುತ್ತವೆ. ಒಂದು ಫೈಲು ಒಂದೇ ಸಾಲಿನ ಮನೆಗಳಲ್ಲಿ ಇರಬೇಕೆಂಬ ನಿಯಮವಿಲ್ಲ. ಜಾಗ ಸಿಕ್ಕಂತೆ ಚೆದರಿ ಕುಳಿತಿರಬಹುದು. ಆ ಚೆದರಿದ ತುಂಡುಗಳನ್ನು ಸಾಲುಗೂಡಿಸುವ ಒಂದು ಪಟ್ಟಿ ಡಿಸ್ಕಿನ ಮೊದಲ ಭಾಗದಲ್ಲಿರುತ್ತದೆ. ದೊಡ್ಡ ಗ್ರಂಥಾಲಯದಲ್ಲಿ ಪುಸ್ತಕಗಳೆಲ್ಲ ಕಪಾಟಿನಲ್ಲಿದ್ದು, ಸೂಚಿಯ ಪುಸ್ತಕ ಮಾತ್ರ ಗೆದ್ದಲು ಹಿಡಿದುಹೋಯಿತೆಂದು ಭಾವಿಸಿಕೊಳ್ಳಿ. ಪುಸ್ತಕ ಇದೆ, ಆದರೆ ಸಿಕ್ಕುವುದಿಲ್ಲ. ಎಷ್ಟೋ ಡಿಸ್ಕುಗಳು ‘ಕೆಟ್ಟವು’ ಎನಿಸಿಕೊಳ್ಳುವುದು ಹೀಗೆಯೇ. ನಾವು ಒಂದು ಫೈಲನ್ನು ಅಳಿಸಿದೆವು ಎಂದಾಗಲೂ ಯಂತ್ರವು ಸಾಮಾನ್ಯವಾಗಿ ಬರಹವನ್ನು ಮುಟ್ಟುವುದಿಲ್ಲ. ಹಳೆಯ ಪದ್ಧತಿಯಲ್ಲಿ ಹೆಸರಿನ ಮೊದಲ ಅಕ್ಷರವನ್ನು ಹೊಡೆದುಹಾಕಿ, ‘ಈ ಜಾಗ ಖಾಲಿ’ ಎಂದು ಪಟ್ಟಿಯಲ್ಲಿ ಬರೆಯುತ್ತದೆ, ಅಷ್ಟೆ. ಆ ಜಾಗಕ್ಕೆ ಬೇರೊಂದು ಬರಹ ಬಂದು ಕೂರುವವರೆಗೆ ಹಳೆಯದು ಅಲ್ಲಿಯೇ ಇರುತ್ತದೆ. ಈ ಪಟ್ಟಿ ಎಷ್ಟು ಮುಖ್ಯವೆಂಬುದನ್ನು ಅರಿತೇ ಅದನ್ನು ಮಾಡಿದವರು ಅದರ ಎರಡು ಪ್ರತಿಗಳನ್ನು ಇರಿಸುವ ಏರ್ಪಾಡು ಮಾಡಿದ್ದರು. ಆದರೆ ಎರಡೂ ಪ್ರತಿಗಳು ಅಕ್ಕಪಕ್ಕದಲ್ಲಿ, ಅದೇ ತಟ್ಟೆಯ ಮೇಲೆ! ಅಶೋಕನು ಈ ವಿಷಯದಲ್ಲಿ ಅವರಿಗಿಂತ ಜಾಣನಾಗಿದ್ದನೆಂದೇ ಹೇಳಬೇಕು.

ನಮ್ಮ ಸೀಮೆಯ ಹವೆಯೂ ಇಂಥ ಯಂತ್ರಗಳಿಗೆ ಹಿತವಾದದ್ದಲ್ಲ. ಮೇ ತಿಂಗಳ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಕರಿಮಣ್ಣಿನ ಧೂಳು ಕಿಟಕಿಯ ಸಂದಿನಿಂದ ಒಳಗೆ ಬಂದು ಯಂತ್ರದ ಗಾಳಿಬೀಸಣಿಗೆಯನ್ನು ಕಟ್ಟಿಹಾಕುತ್ತದೆ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ನಾಡಿಗೆಲ್ಲ ವಿದ್ಯುತ್ತನ್ನು ಕೊಡುತ್ತ ಬಂದಿದ್ದರೂ ಅದರ ಆಸುಪಾಸಿನ ಹಳ್ಳಿಗಳಲ್ಲಿ ದೀಪ ಹೋಗಿ ಬರುವ ಆಟ ಬಹುಕಾಲ ನಡೆದೇ ಇತ್ತು. ತಲೆ ಬರೆಯುತ್ತಿರುವಾಗಲೇ ವಿದ್ಯುತ್ತು ಹೋದರೆ ಪಟ್ಟಿಯ ಅರ್ಧ ಹೊಸದು, ಅರ್ಧ ಹಳೆಯದು ಆಗಿ ಎರಡೂ ಸುಳ್ಳಾಗುತ್ತವೆ.

ಇನ್ನು ನಾನು ಹೇಳಬೇಕೆಂದಿದ್ದ ಸಂಗತಿಗೆ ಬರುತ್ತೇನೆ. ದೇವದುರ್ಗದಲ್ಲಿ ನನ್ನ ಸ್ನೇಹಿತರೊಬ್ಬರು ಇದ್ದರು. ಪ್ರಾಥಮಿಕ ಶಾಲೆಯ ಮಾಸ್ತರರು. ರಜೆ ಬಂತೆಂದರೆ ಜೋಳಿಗೆಯಲ್ಲಿ ಒಂದು ನೋಟುಬುಕ್ಕನ್ನು ಇಟ್ಟುಕೊಂಡು ದೇವದುರ್ಗ, ಮಾನ್ವಿ ತಾಲ್ಲೂಕಿನ ಹಳ್ಳಿಗಳನ್ನು ಸುತ್ತುವುದು ಅವರ ವ್ರತವಾಗಿತ್ತು. ಬೀಸುವ ಪದ, ಸೋಬಾನೆ ಪದ, ಭಜನೆ ಮೇಳದವರ ತತ್ತ್ವಪದ, ಮೊಹರಂ ಬಂದಾಗ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಾಡುವ ಅಲಾಯಿ ಪದ - ಕೇಳಿದ್ದನ್ನೆಲ್ಲ ಬರೆದುಕೊಳ್ಳುವರು. ‘ಹೋದ’ ಎಂದು ತಿದ್ದದೆ, ಹಾಡಿದವಳು ‘ಹ್ವಾದ’ ಎಂದರೆ ‘ಹ್ವಾದ’ ಎಂದೇ ಬರೆಯುವರು. 2002ರ ಸುಮಾರಿಗೆ ಅವರು ಒಂದು ಕಂಪ್ಯೂಟರನ್ನು ಕೊಂಡು, ಆ ಹಾಡುಗಳನ್ನೆಲ್ಲ ತಾವೇ ಕುಳಿತು ಅದರಲ್ಲಿ ಏರಿಸತೊಡಗಿದರು. ಊರಿಗೊಂದು ಫೋಲ್ಡರು, ಹಾಡಿದವರ ಹೆಸರೇ ಫೈಲಿನ ಹೆಸರು. 2009ರ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕವನ್ನೆಲ್ಲ ಕಾಡಿದ ಮಳೆಯಲ್ಲಿ ಅವರ ಮನೆಯ ಮಾಳಿಗೆ ಸೋರಿ ನೋಟುಬುಕ್ಕುಗಳು ಮುದ್ದೆಯಾದವು. ಎತ್ತರದ ಮೇಜಿನ ಮೇಲಿದ್ದ ಕಂಪ್ಯೂಟರು ಉಳಿಯಿತು. ಮಾಸ್ತರರು ತೀರಿಕೊಂಡ ಕೆಲವು ವರ್ಷಗಳ ಮೇಲೆ ಅವರ ಮಗಳು ಆ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಹೊತ್ತುಕೊಂಡು ರಾಯಚೂರಿಗೆ ನನ್ನ ಮನೆಗೆ ತಂದಳು. “ಕಾಕಾ, ಅಪ್ಪನ ಹಾಡೆಲ್ಲಾ ಇದರಾಗ ಅದಾವ. ಚಾಲೂ ಆಗವಲ್ದು” ಎಂದಳು.

ನಾನು ಕನ್ನಡ ಮೇಷ್ಟ್ರು. ನನಗೆ ತಿಳಿದ ವಿದ್ಯೆ ಗ್ರಂಥಸಂಪಾದನೆಯದು. ಯಂತ್ರದ ವಿದ್ಯೆ ಬಲ್ಲ ತರುಣನೊಬ್ಬ ರಾಯಚೂರಿನಲ್ಲಿಯೇ ಸಿಕ್ಕಿದ. ಅವನು ಮಾಡಿದ ಮೊದಲ ಕೆಲಸವೆಂದರೆ ಏನನ್ನೂ ಮಾಡದೆ ಇದ್ದದ್ದು! ಡಿಸ್ಕಿಗೆ ಕಿವಿಗೊಟ್ಟು ಕೇಳಿದ. ಟಿಕ್ ಟಿಕ್ ಎಂದು ಲಯಬದ್ಧವಾಗಿ ಬಡಿದುಕೊಳ್ಳುವ ಸದ್ದು ಬಂದರೆ ತೋಳೋ ತಲೆಯೋ ಕೆಟ್ಟಿದೆಯೆಂದು ಅರ್ಥ. ಆಗ ಅದನ್ನು ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಬಲ್ಲವರಿಗೆ ಕೊಡಬೇಕಲ್ಲದೆ ಮತ್ತೆ ಮತ್ತೆ ಚಾಲೂ ಮಾಡಬಾರದು. ನಮ್ಮ ಡಿಸ್ಕು ಸುತ್ತುತ್ತಿತ್ತು, ಆದರೆ ತೊದಲುತ್ತಿತ್ತು. “ಕೆಟ್ಟಿದೆ, ಸರಿಪಡಿಸಲೇ?” ಎಂದು ಕಂಪ್ಯೂಟರು ಕೇಳಿದಾಗ ಅವನು ಬೇಡವೆಂದ. ಸರಿಪಡಿಸುವ ಕಾರ್ಯಕ್ರಮವು ರೋಗಿಯ ಮೈಮೇಲೆಯೇ ಬರೆಯುತ್ತದೆ, ಉಳಿದದ್ದನ್ನೂ ಕೆಡಿಸಬಹುದು. ಮೊದಲು ಒಂದು ಹೊಸ ಡಿಸ್ಕಿಗೆ ಹಳೆಯದರ ಪಡಿಯಚ್ಚನ್ನು ತೆಗೆದುಕೊಳ್ಳಬೇಕು. ಆಮೇಲಿನ ಪ್ರಯೋಗವೆಲ್ಲ ಪಡಿಯಚ್ಚಿನ ಮೇಲೆ. ಅದನ್ನು ಕೇಳಿದಾಗ ನನಗೆ ಶಾಸನತಜ್ಞರು ಬಂಡೆಯ ಮೇಲೆ ಒದ್ದೆ ಕಾಗದವನ್ನು ಬಡಿದು ಪಡಿಯಚ್ಚು ತೆಗೆಯುವುದು ನೆನಪಾಯಿತು. ಅವರು ಕೂಡ ಓದುವುದು ಅಚ್ಚನ್ನು, ಬಂಡೆಯನ್ನು ಕೆರೆಯುವುದಿಲ್ಲ.

ಈ ಪಡಿಯಚ್ಚು ತೆಗೆಯುವುದಕ್ಕೆ ಬಳಸಿದ್ದು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ. ಅಂಟೋನಿಯೊ ಡಿಯಾಸ್ ಎಂಬವರು ಅದನ್ನು 2004ರಲ್ಲಿ ಲೋಕಕ್ಕೆ ಕೊಟ್ಟರು. ಅದರ ಕ್ರಮ ಒಬ್ಬ ಒಳ್ಳೆಯ ಗ್ರಂಥಸಂಪಾದಕನ ಕ್ರಮದಂತೆಯೇ ಇದೆ. ಸುಲಭವಾಗಿ ಓದಲು ಬರುವ ಭಾಗವನ್ನೆಲ್ಲ ಮೊದಲು ಬರೆದುಕೊಳ್ಳುತ್ತದೆ. ಕಷ್ಟವಾದ ಜಾಗ ಬಂದರೆ ಅಲ್ಲಿ ಹಟ ಹಿಡಿಯದೆ ಗುರುತು ಹಾಕಿ ಮುಂದೆ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಆ ಗುರುತುಗಳ ಬಳಿಗೆ ಮರಳಿ, ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಕೆರೆದುಕೊಳ್ಳುತ್ತ ಬರುತ್ತದೆ. ಸಾಯುತ್ತಿರುವ ಡಿಸ್ಕಿನ ಆಯುಷ್ಯ ಎಷ್ಟೆಂದು ಯಾರಿಗೂ ತಿಳಿಯದು. ಆದ್ದರಿಂದ ಹೆಚ್ಚು ಫಲ ಬರುವ ಕಡೆ ಮೊದಲು ದುಡಿಯಬೇಕು. ನಮ್ಮ ಡಿಸ್ಕಿನ ಪಡಿಯಚ್ಚಿಗೆ ಮೂರು ಹಗಲು ಮೂರು ರಾತ್ರಿ ಹಿಡಿದವು. ಪಟ್ಟಿ ಇದ್ದ ಜಾಗವೇ ಹೆಚ್ಚು ಕೆಟ್ಟಿತ್ತು. ಬರಹದ ಬಹುಭಾಗ ಉಳಿದಿತ್ತು.

ಇಂಥ ಕೆಲಸ ಎಲ್ಲಿಯವರೆಗೆ ಸಾಗಬಲ್ಲದು ಎಂಬುದಕ್ಕೆ ಒಂದು ಪ್ರಸಿದ್ಧ ನಿದರ್ಶನವಿದೆ. 2003ರ ಫೆಬ್ರವರಿ 1ರಂದು ಕೊಲಂಬಿಯಾ ಬಾಹ್ಯಾಕಾಶ ನೌಕೆ ಆಕಾಶದಲ್ಲಿಯೇ ಒಡೆದು, ನಮ್ಮ ಕರ್ನಾಲಿನ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಮಡಿದರು. ಆ ನೌಕೆಯಲ್ಲಿ ಕ್ಸೆನಾನ್ ಎಂಬ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವೊಂದಿತ್ತು. ಅದರ ಹಾರ್ಡ್ ಡಿಸ್ಕು ಸುಟ್ಟು ಕರಕಲಾಗಿ ನೆಲಕ್ಕೆ ಬಿದ್ದಿತ್ತು. ತಜ್ಞರು ಅದರ ತಟ್ಟೆಗಳನ್ನು ಬಿಡಿಸಿ ತೊಳೆದು ಬೇರೆ ಡಿಸ್ಕಿನ ಅಂಗಗಳಿಗೆ ಜೋಡಿಸಿ, ಅದರಲ್ಲಿದ್ದ ಬರಹದ ನೂರಕ್ಕೆ 99 ಪಾಲನ್ನು ಹಿಂದಕ್ಕೆ ಪಡೆದರು. ಪ್ರಯೋಗದ ಫಲಿತಾಂಶ 2008ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ಅದೃಷ್ಟಕ್ಕೆ ಬರಹವೆಲ್ಲ ಒಂದೇ ಕಡೆ ಸಾಲಾಗಿ ಕುಳಿತಿತ್ತು. ಕೆಟ್ಟ ಭಾಗವು ಬಹುಮಟ್ಟಿಗೆ ಖಾಲಿ ಜಾಗವಾಗಿತ್ತು.

ನಮ್ಮಲ್ಲಿ ಪಟ್ಟಿ ಇಲ್ಲದ್ದರಿಂದ ಬೇರೆ ಉಪಾಯ ಹೂಡಬೇಕಾಯಿತು. ಪ್ರತಿಯೊಂದು ಜಾತಿಯ ಫೈಲಿಗೂ ತಲೆಯ ಭಾಗದಲ್ಲಿ ಒಂದು ಗೊತ್ತಾದ ಗುರುತಿರುತ್ತದೆ, ಕಾವ್ಯಕ್ಕೆ ನಾಂದಿಪದ್ಯ ಇರುವಂತೆ. ಆ ಗುರುತನ್ನೇ ಹುಡುಕುತ್ತ ತಟ್ಟೆಯ ಉದ್ದಕ್ಕೂ ನಡೆದು, ಸಿಕ್ಕಲ್ಲಿಂದ ಮುಂದಿನದನ್ನು ಕತ್ತರಿಸಿಕೊಳ್ಳುವ ತಂತ್ರಾಂಶಗಳಿವೆ. ಅವು ಫೈಲನ್ನು ತರುತ್ತವೆ, ಆದರೆ ಹೆಸರನ್ನು ತರಲಾರವು. ಹೆಸರು ಇದ್ದದ್ದು ಪಟ್ಟಿಯಲ್ಲಿ. ಪಟ್ಟಿಯೊಡನೆ ಹೆಸರೂ ಹೋಯಿತು. ಒಂದು, ಎರಡು, ಮೂರು ಎಂದು ಅಂಕೆ ಹೊತ್ತ ನೂರಾರು ಅನಾಮಧೇಯ ಫೈಲುಗಳು ನಮ್ಮ ಮುಂದೆ ಬಂದು ನಿಂತವು. ಮಗಳು ಸಂತೋಷದಿಂದ ಒಂದನ್ನು ತೆರೆದಳು. ಅದರಲ್ಲಿ ಕನ್ನಡವೇ ಇರಲಿಲ್ಲ. ಮೇಲೆ ಚುಕ್ಕಿ, ಟೋಪಿ, ಗೀರುಗಳನ್ನು ಹೊತ್ತ ಐರೋಪ್ಯ ಅಕ್ಷರಗಳ ಜಾತ್ರೆ ನೆರೆದಿತ್ತು. ಅವಳ ಮುಖ ಬಾಡಿತು. “ಇದೂ ಕೆಟ್ಟಾದ ಏನ್ ಕಾಕಾ?” ಎಂದು ಕೇಳಿದಳು.

ಅದು ಕೆಟ್ಟಿರಲಿಲ್ಲ. ಮೊದಲೇ ಹೇಳಿದ ಎರಡನೆಯ ನಷ್ಟ ಅದು: ಅಕ್ಷರವಿದೆ, ಕೀಲಿಯಿಲ್ಲ. ಕಂಪ್ಯೂಟರಿಗೆ ಅಕ್ಷರದ ಆಕಾರ ತಿಳಿಯದು, ಅಂಕೆ ಮಾತ್ರ ತಿಳಿಯುತ್ತದೆ. ಯಾವ ಅಕ್ಷರಕ್ಕೆ ಯಾವ ಅಂಕೆ ಎಂಬ ಒಪ್ಪಂದವೇ ಲಿಪಿ. ಭಾರತೀಯ ಭಾಷೆಗಳಿಗೆಂದು ಇಸ್ಕಿ ಎಂಬ ರಾಷ್ಟ್ರೀಯ ಮಾನಕ 1991ರಲ್ಲಿ ಬಂತು. ಲೋಕದ ಲಿಪಿಗಳಿಗೆಲ್ಲ ಒಂದೇ ಎನ್ನುವ ಯೂನಿಕೋಡಿನ ಮೊದಲ ಆವೃತ್ತಿಯೂ ಅದೇ 1991ರದು, ಅದರಲ್ಲಿ ಕನ್ನಡಕ್ಕೆ ಜಾಗವೂ ಇತ್ತು. ಆದರೆ ಮನೆಮನೆಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡಲು ಇನ್ನೂ ಹತ್ತಾರು ವರ್ಷ ಬೇಕಾದವು. ಆ ನಡುಗಾಲದಲ್ಲಿ ಕನ್ನಡವನ್ನು ಕಾಪಾಡಿದವು ಬೇರೆ ತಂತ್ರಾಂಶಗಳು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ‘ಬರಹ’ವನ್ನು ಕೊಟ್ಟರು. ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನವರು ಸರ್ಕಾರಕ್ಕಾಗಿ ‘ನುಡಿ’ಯನ್ನು ಸಿದ್ಧಪಡಿಸಿದರು, ಅದರ ಕೀಲಿಮಣೆಯ ವಿನ್ಯಾಸ ಕೆ. ಪಿ. ರಾಯರದು. ಅವುಗಳಲ್ಲಿ ಐರೋಪ್ಯ ಅಕ್ಷರಗಳಿಗೆ ಮೀಸಲಾದ ಅಂಕೆಗಳ ಮೇಲೆ ಕನ್ನಡದ ತಲೆಕಟ್ಟು, ಇಳಿ, ಒತ್ತುಗಳ ಚೂರುಗಳನ್ನು ಕೂರಿಸಿದ್ದರು. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಟೋಪಿ ಹಾಕಿದ ಅಕ್ಷರ ಕಾಣುತ್ತದೆ. ಮಾಸ್ತರರು ಬರೆದದ್ದು ನುಡಿಯಲ್ಲಿ. ಹಳೆಯ ನುಡಿಯ ಫಾಂಟನ್ನು ಹಾಕಿದ ಕೂಡಲೇ ಹಾಡು ಕಣ್ಣಮುಂದೆ ಬಂದು ನಿಂತಿತು.

ಆದರೆ ಫಾಂಟನ್ನು ನಂಬಿ ಕೂರುವಂತಿಲ್ಲ. ಅವನ್ನು ಯೂನಿಕೋಡಿಗೆ ಬದಲಿಸಿ ಇರಿಸಬೇಕಾಗಿತ್ತು. ಅದಕ್ಕೂ ಪರಿವರ್ತಕಗಳಿವೆ. ಆದರೂ ಒಂದೊಂದು ಸಾಲನ್ನೂ ಕಣ್ಣಿಂದ ನೋಡಬೇಕು. ‘ಧರ್ಮ’ ಎಂಬ ಮಾತನ್ನೇ ನೋಡಿ. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತಿನ ಚಿಹ್ನೆ ಮಕಾರದ ನಂತರ ಬರುತ್ತದೆ, ಬರೆಯುವ ಕೈಯ ಕ್ರಮದಲ್ಲಿ. ಯೂನಿಕೋಡಿನಲ್ಲಿ ರೇಫವು ಮಕಾರಕ್ಕಿಂತ ಮೊದಲು ಬರಬೇಕು, ನುಡಿಯುವ ನಾಲಗೆಯ ಕ್ರಮದಲ್ಲಿ. ಅರ್ಕಾವತ್ತಿನ ಜಾಗದಲ್ಲಿ ಯಾರಾದರೂ ಕನ್ನಡದ ಒಂಬತ್ತನ್ನು ಒತ್ತಿದ್ದರೆ ಯಂತ್ರ ಅದನ್ನು ಸಂಖ್ಯೆಯೆಂದೇ ತಿಳಿಯುತ್ತದೆ. ಕೀಲಿ ಕಳೆಯುವ ಈ ತೊಂದರೆ ನಮ್ಮದಷ್ಟೇ ಅಲ್ಲ. ಇಂಗ್ಲೆಂಡಿನ ಬಿಬಿಸಿಯವರು, 1086ರ ಡೂಮ್ಸ್‌ಡೇ ಪುಸ್ತಕಕ್ಕೆ ಒಂಬೈನೂರು ವರ್ಷ ತುಂಬಿದ ನೆನಪಿಗೆಂದು, 1986ರಲ್ಲಿ ಇಡೀ ದೇಶದ ಜನಜೀವನವನ್ನು ಲೇಸರ್ ಡಿಸ್ಕುಗಳಲ್ಲಿ ತುಂಬಿಸಿದರು. ಹದಿನೈದೇ ವರ್ಷಗಳಲ್ಲಿ ಅವನ್ನು ಓದುವ ಯಂತ್ರಗಳು ಅಪರೂಪವಾಗಿ, 2002ರಲ್ಲಿ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾನಿಲಯದವರು ಶ್ರಮಪಟ್ಟು ಅದಕ್ಕೆ ಮರುಜೀವ ಕೊಡಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಪುಸ್ತಕವನ್ನು ಮಾತ್ರ ತೆರೆದು ಓದಬಹುದಾಗಿತ್ತು.

ಅಕ್ಷರ ಬಂತು, ಕೀಲಿಯೂ ಸಿಕ್ಕಿತು. ಆದರೂ ಕೆಲಸ ಮುಗಿದಿರಲಿಲ್ಲ. ಮೂರನೆಯ ನಷ್ಟವೊಂದು ಉಳಿದಿತ್ತು. ನನ್ನ ಮಟ್ಟಿಗೆ ಅದೇ ದೊಡ್ಡದು. ಯಾವ ಹಾಡು ಯಾವ ಊರಿನದು? ಹಾಡಿದವರು ಯಾರು? ತತ್ತ್ವಪದಕ್ಕೆ ಅಂಕಿತವಿರುತ್ತದೆ, ಅದರಿಂದ ಕಟ್ಟಿದವರು ಯಾರೆಂದು ತಿಳಿಯಬಹುದೇ ಹೊರತು ಹಾಡಿದವರಾರೆಂದು ತಿಳಿಯದು. ಬೀಸುವ ಪದಕ್ಕಂತೂ ಅಂಕಿತವೇ ಇಲ್ಲ. ಊರ ಹೆಸರು ಫೋಲ್ಡರಿನ ಮೇಲಿತ್ತು, ಹಾಡಿದವಳ ಹೆಸರು ಫೈಲಿನ ಮೇಲಿತ್ತು, ಎರಡೂ ಹೋಗಿದ್ದವು. ಕಲ್ಲು ಬೀಸುತ್ತ ಬೆಳಗಿನ ಜಾವದಲ್ಲಿ ಮಾಸ್ತರರಿಗೆ ಹಾಡಿ ಹೇಳಿದ ಆ ಅವ್ವಂದಿರಲ್ಲಿ ಹಲವರು ಕಾಲವಾಗಿದ್ದರು. ಅವರ ಹೆಸರು ಬರಹದಲ್ಲಿ ಬಂದದ್ದು ಒಂದೇ ಸಲ. ಅದೂ ಫೈಲಿನ ನೆತ್ತಿಯ ಮೇಲೆ.

ಇಲ್ಲಿ ಗ್ರಂಥಸಂಪಾದನೆಯ ಹಳೆಯ ವಿದ್ಯೆ ಉಪಯೋಗಕ್ಕೆ ಬಂತು. ಫೈಲಿನ ಹೊಟ್ಟೆಯೊಳಗೆ, ಅದನ್ನು ಬರೆದ ದಿನಾಂಕ ಅಡಗಿರುತ್ತದೆ. ಅದು ಪಟ್ಟಿಯಲ್ಲಿ ಇಲ್ಲದ್ದರಿಂದ ಉಳಿದಿತ್ತು. ಮಾಸ್ತರರ ಜೇಬಿನ ಡೈರಿಗಳು ಮಗಳ ಬಳಿ ಇದ್ದವು. ಯಾವ ಭಾನುವಾರ ಗಬ್ಬೂರಿಗೆ ಹೋದರು, ಯಾವ ರಜೆಯಲ್ಲಿ ಜಾಲಹಳ್ಳಿಯ ಕಡೆ ಇದ್ದರು, ಮಾನ್ವಿಯ ಕಡೆ ಯಾವಾಗ ತಿರುಗಿದರು ಎಂಬುದು ಬಸ್ಸಿನ ಚಾರ್ಜಿನ ಸಮೇತ ಅದರಲ್ಲಿತ್ತು. ಕೇಳಿ ಬಂದ ವಾರದಲ್ಲಿಯೇ ಹಾಡನ್ನು ಏರಿಸುವುದು ಅವರ ಪದ್ಧತಿ. ಎರಡನ್ನೂ ಹೊಂದಿಸಿ ನೋಡಿದಾಗ ಹಾಡುಗಳು ಊರು ಊರಾಗಿ ಗುಂಪುಗೂಡತೊಡಗಿದವು. ಗುಂಪುಗಳನ್ನು ಅಚ್ಚು ತೆಗೆಸಿಕೊಂಡು ಆ ಊರುಗಳಿಗೆ ಹೋದೆವು. ಮಗಳು ಒಂದೆರಡು ನುಡಿಯನ್ನು ಓದಿದರೆ ಸಾಕು, ಮೂಲೆಯಲ್ಲಿ ಕುಳಿತ ಮುದುಕಿಯೊಬ್ಬಳು ಉಳಿದದ್ದನ್ನು ಹಿಡಿದು ಮುಂದುವರಿಸುವಳು. “ಇದು ನಮ್ಮ ಅತ್ತಿ ಹಾಡತಿದ್ದ ಹಾಡವ್ವಾ. ಈ ಮಾತು ಹಿಂಗ ತಿರುವಿ ಹಾಡಾಕಿ ಆಕಿ ಒಬ್ಬಾಕೇನ” ಎಂದು ಒಬ್ಬರು ಹೇಳಿದಾಗ ಮಾಸ್ತರರ ಮಗಳು ಪೆನ್ನು ಹಿಡಿದವಳು ಸ್ವಲ್ಪ ಹೊತ್ತು ಬರೆಯಲಾರದೆ ಹೋದಳು. ಮಾಸ್ತರರು ಹಾಡನ್ನು ತಿದ್ದದೆ ಬರೆದುಕೊಂಡದ್ದರ ಬೆಲೆ ನಮಗೆ ತಿಳಿದದ್ದು ಆಗ. ‘ಹ್ವಾದ’ ಎಂಬುದನ್ನು ‘ಹೋದ’ ಎಂದು ತಿದ್ದಿದ್ದರೆ ಆ ಅತ್ತೆಯ ಗುರುತು ಸಿಕ್ಕುತ್ತಿರಲಿಲ್ಲ. ಡಿಸ್ಕಿನಲ್ಲಿ ಕೆಟ್ಟ ಮನೆಗಳಲ್ಲಿದ್ದು ನಡುವೆ ಹರಿದುಹೋಗಿದ್ದ ಕೆಲವು ಹಾಡುಗಳೂ ಹೀಗೆಯೇ ಬಾಯಿಂದ ತುಂಬಿಕೊಂಡವು. ಇನ್ನು ಕೆಲವಕ್ಕೆ ಹೆಸರು ಸಿಕ್ಕಲೇ ಇಲ್ಲ. ಅವನ್ನು ‘ಹಾಡಿದವರು ತಿಳಿಯದು’ ಎಂದು ಬರೆದು ಬೇರೆಯಾಗಿ ಇರಿಸಿದ್ದೇವೆ.

ಈ ಸೀಮೆಗೆ ಇದು ಹೊಸ ಕೆಲಸವೇನಲ್ಲ. ಹರಿಕಥಾಮೃತಸಾರವನ್ನು ಬರೆದ ಜಗನ್ನಾಥದಾಸರು ಮಾನ್ವಿಯವರು. ವಿಜಯದಾಸರ ಚೀಕಲಪರವಿ ಮಾನ್ವಿ ಸೀಮೆಯದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ಸೀಮೆಯದು. ಅವರ ಕೀರ್ತನೆಗಳು ಓಲೆಯಲ್ಲಿ, ಮನೆಮನೆಯ ಹಸ್ತಪ್ರತಿಯಲ್ಲಿ, ಅದಕ್ಕಿಂತ ಮಿಗಿಲಾಗಿ ಹಾಡುವವರ ನಾಲಗೆಯ ಮೇಲೆ ಹರಡಿಕೊಂಡಿದ್ದವು. ಲಿಂಗಸೂಗೂರಿನ ಗೊರೆಬಾಳ ಹನುಮಂತರಾಯರು ಅವನ್ನು ಮನೆಮನೆಗಳಿಂದ ಕೂಡಿಹಾಕಿ, ಪಾಠಗಳನ್ನು ಹೋಲಿಸಿ, ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಪ್ರಕಟಿಸಿದರು. ಒಂದು ಪ್ರತಿಯನ್ನು ಗೆದ್ದಲು ತಿಂದಿದ್ದರೆ ಇನ್ನೊಂದು ಇತ್ತು. ಎರಡೂ ಇಲ್ಲದಿದ್ದರೆ ಯಾರದೋ ಮನೆಯ ಸೊಸೆಗೆ ಬಾಯಿಪಾಠವಿತ್ತು. ದಾಸರ ಪದಗಳು ನಮಗೆ ಉಳಿದದ್ದು ಓಲೆಯ ಗಟ್ಟಿತನದಿಂದ ಅಲ್ಲ. ಅವನ್ನು ಇಟ್ಟುಕೊಂಡವರ ಸಂಖ್ಯೆಯಿಂದ.

ಕಂಪ್ಯೂಟರು ಬಂದ ಮೇಲೆ ಒಂದು ವಿಚಿತ್ರವಾಯಿತು. ಪ್ರತಿ ಮಾಡುವುದು ಹಿಂದೆಂದೂ ಇಲ್ಲದಷ್ಟು ಸುಲಭವಾಯಿತು; ಅಷ್ಟು ಸುಲಭವೆಂಬ ಧೈರ್ಯದಿಂದಲೇ ಊರಿನ ಸಂಗ್ರಾಹಕರು, ಸಣ್ಣ ಸಂಘಗಳು, ಮುದ್ರಣಾಲಯಗಳು ತಮ್ಮ ಸರ್ವಸ್ವವನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟು ನಿಶ್ಚಿಂತರಾದರು. ನಮ್ಮ ಜಿಲ್ಲೆಯ ಅಟ್ಟಗಳ ಮೇಲೆ ಇಂಥ ಪೆಟ್ಟಿಗೆಗಳು ಇನ್ನೂ ಎಷ್ಟೋ ಇವೆ. ಗುಜರಿಯವನಿಗೆ ಕೊಡುವ ಮೊದಲು ಅವುಗಳ ಡಿಸ್ಕನ್ನು ಬಿಚ್ಚಿ, ಚಾಲೂ ಮಾಡದೆ, ಬಲ್ಲವರ ಕೈಗೆ ಕೊಡಬೇಕೆಂದು ಓದುಗರಲ್ಲಿ ನನ್ನ ವಿನಂತಿ. ಅಪ್ಪಂದಿರು ಏನು ಬರೆದಿಟ್ಟಿದ್ದಾರೆಂದು ಮಕ್ಕಳಿಗೆ ತಿಳಿಯದಿರಬಹುದು.

ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತೊಂದು ಅಡಿ ಉದ್ದದ ಒಂದು ಕಲ್ಲಿದೆ. ಕಾಕತೀಯರ ಕಾಲದ, 1294ರ ಶಾಸನ ಅದರ ಮೇಲಿದೆ. ಅಷ್ಟು ದೊಡ್ಡ ಕಲ್ಲನ್ನು ಗಾಡಿಯ ಮೇಲೆ ಹೇರಿ, ಕೋಣಗಳನ್ನು ಹೂಡಿ ಎಳೆದು ತಂದ ಚಿತ್ರವನ್ನು ಕೂಡ ಅದೇ ಗೋಡೆಯಲ್ಲಿಯೇ ಕೊರೆದಿದ್ದಾರೆ. ಕೊರೆದವನಿಗೆ ಬರಹದ ಜೊತೆಗೆ, ಅದು ಎಲ್ಲಿಂದ ಹೇಗೆ ಬಂತೆಂಬುದೂ ಇರಬೇಕೆಂದು ತೋರಿತು. ಅದನ್ನು ಬೇರೊಂದು ಪಟ್ಟಿಯಲ್ಲಿಡದೆ ಕಲ್ಲಿನ ಮೈಮೇಲೆಯೇ ಇಟ್ಟ. ಮಾಸ್ತರರ ಹಾಡುಗಳನ್ನು ಮರುಬರೆಯುವಾಗ ನಾವೂ ಅದೇ ಕ್ರಮವನ್ನು ಹಿಡಿದಿದ್ದೇವೆ. ಪ್ರತಿಯೊಂದು ಹಾಡಿನ ಕೆಳಗೆ, ಅದೇ ಪುಟದಲ್ಲಿ, ಊರು, ಹಾಡಿದವರ ಹೆಸರು, ಕೇಳಿದ ದಿನ - ಇಷ್ಟೂ ಇದೆ. ಒಂದು ಪ್ರತಿ ದೇವದುರ್ಗದಲ್ಲಿದೆ, ಒಂದು ಮಾನ್ವಿಯಲ್ಲಿ, ಒಂದು ರಾಯಚೂರಿನಲ್ಲಿ; ಮೂರೂ ಕಾಗದದ ಮೇಲೆ ಅಚ್ಚಾದವು. ಆಯಾ ಊರಿನ ಹಾಡುಗಳನ್ನು ಆ ಊರಿಗೆ ಬೇರೆಯಾಗಿ ಕೊಟ್ಟಿದ್ದೇವೆ. ಹಳೆಯ ಡಿಸ್ಕನ್ನು ಮಗಳು ತನ್ನ ಮನೆಗೆ ಒಯ್ದಳು.